ಅಂಬಿಗರ ಗಾದಿಲಿಂಗ ದಡ ಮರೆತದ್ದು

ಬಹಳ ಹಿಂದೆ, ಹೊಳೆದಂಡೆಯ ಒಂದೂರಲ್ಲಿ ಗಾದಿಲಿಂಗ ಅಂತ ಒಬ್ಬ ಅಂಬಿಗ ಇದ್ದನಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನಮ್ಮಜ್ಜಿಯನ್ನು ಕೇಳಿದರೆ ಅವಳು ತನ್ನ ಅಜ್ಜಿಯ ಹೆಸರು ಹೇಳುತ್ತಿದ್ದಳು. ಆ ಅಜ್ಜಿಯನ್ನು ನಾನು ಎಲ್ಲಿ ಹುಡುಕಲಿ?

ಗಾದಿಲಿಂಗ ಬಲು ಎತ್ತರದ ಆಳು, ನಡುಹೊಳೆಯಲ್ಲಿ ಇಳಿದರೂ ನೀರು ಅವನ ಎದೆ ಮುಟ್ಟುತ್ತಿರಲಿಲ್ಲ ಅಂತಾರೆ. ಛೇ, ಅವನು ಕುಳ್ಳ, ಹರಿಗೋಲಲ್ಲಿ ಕೂತರೆ ತಲೆಯ ರುಮಾಲು ಮಾತ್ರ ಕಾಣುತ್ತಿತ್ತು ಅಂತಲೂ ಅಂತಾರೆ. ಒಂದು ಸಲ ಇಡೀ ದಿಬ್ಬಣವನ್ನು, ಗಂಡು, ಹೆಣ್ಣು, ಬೀಗರು, ಬೀಗರ ಜಗಳ ಸಮೇತ ಒಂದೇ ಹರಿಗೋಲಲ್ಲಿ ದಾಟಿಸಿದನಂತೆ. ನಗಬೇಡಿ, ನಾನು ಕೇಳಿದ್ದನ್ನು ಹೇಳುತ್ತಿದ್ದೇನೆ.

ಹರಿಗೋಲು ಅಂದರೆ ಬುಟ್ಟಿಯ ಹಾಗೆ ದುಂಡಗೆ. ಅದಕ್ಕೆ ಮುಂದು ಹಿಂದು ಅಂತ ಇಲ್ಲ. ತಿರುಗುತ್ತ ತಿರುಗುತ್ತಲೇ ಸಾಗುತ್ತದೆ. ಅದಕ್ಕೇ ಹುಟ್ಟು ಹಾಕುವವನು ಆಚೆ ದಡದ ಯಾವುದಾದರೂ ಮರವನ್ನೋ ಬಂಡೆಯನ್ನೋ ಗುರುತು ಹಿಡಿದುಕೊಳ್ಳಬೇಕು, ಅದರ ಮೇಲಿನ ಕಣ್ಣು ಕೀಳಬಾರದು. ಕಿತ್ತರೆ ಯಾವುದು ಆಚೆ, ಯಾವುದು ಈಚೆ ಅಂತ ತಿಳಿಯದೆ ಹೋಗುತ್ತದೆ. ಗಾದಿಲಿಂಗನ ಕಣ್ಣು ಮಾತ್ರ ಒಂದು ದಿನವೂ ತಪ್ಪಿರಲಿಲ್ಲವಂತೆ.

ಅದೇ ಊರಲ್ಲಿ ಸುಂಕಮ್ಮ ಅಂತ ಒಬ್ಬ ಹೆಣ್ಣುಮಗಳು. ಬಹಳ ಹರಕೆ ಹೊತ್ತ ಮೇಲೆ ಅವಳಿಗೊಂದು ಕೂಸು ಹುಟ್ಟಿತ್ತು. ಇನ್ನೂ ಕತ್ತು ನಿಲ್ಲದ ಕೂಸು. ಅದಕ್ಕೊಂದು ಬೆಳಗ್ಗೆ ಜ್ವರ ಬಂತಂತೆ. ಮೈ ಮುಟ್ಟಿದರೆ ಕೈ ಸುಡುವಂಥ ಜ್ವರ.

ಜ್ವರ ಬಂದದ್ದೇ ತಡ, ಮನೆ ತುಂಬ ಜನ. ಅತ್ತೆ ಕಂಬಳಿ ಸುತ್ತಿದಳು, ಪಕ್ಕದ ಮನೆಯವಳು ಬಿಚ್ಚಿದಳು. ಅತ್ತೆ ಮತ್ತೆ ಸುತ್ತಿದಳು. ಒಬ್ಬಳು ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದಳು. ಆ ಘಾಟಿಗೆ ಕೂಸು ಕೆಮ್ಮಿತು. ಹಾಲು ಕುಡಿಸು ಅಂದರು, ಕುಡಿಸಬೇಡ ಅಂದರು. ಎದೆಗೆ ಹಚ್ಚಿಕೊಂಡರೆ ನಿನ್ನ ಮೈಯ ಕಾವೂ ಅದಕ್ಕೇ ಹೋಗುತ್ತದೆ, ದೂರ ಹಿಡಿ ಅಂತ ಒಬ್ಬರು ಅಂದದ್ದು ಮಾತ್ರ ಸುಂಕಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಎಲ್ಲರೂ ಒಳ್ಳೆಯದಕ್ಕೇ ಹೇಳಿದವರು. ಯಾರ ಮಾತು ಕೇಳಬೇಕೋ, ಯಾರದನ್ನು ಬಿಡಬೇಕೋ ಅವಳಿಗೆ ತಿಳಿಯಲಿಲ್ಲ. ಕೂಸು ಅತ್ತೂ ಅತ್ತೂ ಅದರ ದನಿಯೇ ಉಡುಗಿಹೋಯಿತು. ಆಗ ಅವಳು ಕಂಬಳಿ ಸಮೇತ ಅದನ್ನು ಎತ್ತಿಕೊಂಡು ಹೊಳೆಯ ಕಡೆ ಓಡಿದಳಂತೆ. ಆಚೆ ದಡದಲ್ಲಿ ಹಕೀಮ್ ಸಾಬರಿದ್ದರು. ಕೂಸುಗಳಿಗೆ ಮದ್ದು ಕೊಡುವುದರಲ್ಲಿ ಎರಡೂ ದಡದವರಿಗೆ ಅವರ ಮೇಲೆ ನಂಬಿಕೆ.

ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಂಬಿಗರೆಲ್ಲ ಹರಿಗೋಲುಗಳನ್ನು ದಂಡೆಯ ಮೇಲೆ ಬೋರಲು ಹಾಕಿದ್ದರು. ಹೊಸ ನೀರಿಗೆ ಪೂಜೆ ಆಗುವವರೆಗೆ ಯಾರೂ ಹೊಳೆಗೆ ಇಳಿಯುವ ಹಾಗಿರಲಿಲ್ಲ. ಗಾದಿಲಿಂಗ ಅವಳ ಮುಖ ನೋಡಿದ, ಗಂಟಿನಂತಿದ್ದ ಕಂಬಳಿ ನೋಡಿದ, ಏನೂ ಕೇಳದೆ ಹರಿಗೋಲು ಮಗುಚಿ ನೀರಿಗೆ ನೂಕಿದನಂತೆ. ಉಳಿದವರು ಬೈದರಂತೆ. ಬೈಯದೆ ಇರುತ್ತಾರೆಯೇ?

ನಡುಹೊಳೆಗೆ ಬಂದಾಗ ಸುಂಕಮ್ಮ ಅವನನ್ನೂ ಕೇಳಿದಳಂತೆ, ಹೊದಿಸಲೋ, ಬಿಚ್ಚಲೋ ಅಂತ.

"ನನಗೇನು ತಿಳಿತೈತವ್ವ? ನಾ ಕೂಸು ಆಡ್ಸಿದಾವ ಅಲ್ಲ," ಅಂದನಂತೆ ಗಾದಿಲಿಂಗ. "ಆದ್ರ ಅಷ್ಟು ದೂರ ಯಾಕ ಹಿಡದಿ? ಅದು ನಿನ್ನ ಹುಡುಕಾಕತ್ತೈತಿ ನೋಡು."

ಬೆಳಗಿನಿಂದ ಯಾರೂ ಹೇಳದಿದ್ದ ಮಾತು ಅದು. ಸುಂಕಮ್ಮ ಗೊಳೋ ಅಂತ ಅತ್ತಳು. ಅಳುತ್ತಲೇ ಕಂಬಳಿ ಬಿಚ್ಚಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ಸೆರಗಿನ ತುದಿ ಅದ್ದಿ, ಹಿಂಡಿ, ಅದರ ಹಣೆ, ಕತ್ತು, ಕಂಕುಳು ಒರೆಸಿದಳು. ಕೂಸು ಮೊದಲು ಬಾಯಿ ತಿರುವಿತು, ಆಮೇಲೆ ಮೊಲೆ ಹಿಡಿಯಿತು. ಹರಿಗೋಲು ಮೆಲ್ಲಗೆ ತಿರುಗುತ್ತಿತ್ತು. ಕೂಸಿನ ಬಿಕ್ಕು ನಿಂತಿತು, ಮುಷ್ಟಿ ಸಡಿಲವಾಯಿತು.

ಇಲ್ಲಿಂದ ಕತೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಸುಳಿ ಜ್ವರವನ್ನು ಎಳೆದುಕೊಂಡಿತು ಅಂತಾರೆ. ಗಂಗವ್ವ ತಾಯಿ ನೀರಿಂದ ಕೈ ಚಾಚಿ ಕೂಸಿನ ತಲೆ ಸವರಿದಳು ಅಂತಾರೆ. ನನಗೆ ಗೊತ್ತಿಲ್ಲ. ಅಲ್ಲಿ ಗಾದಿಲಿಂಗ ಕೂಸಿನ ಮುಖ ನೋಡುತ್ತ ಕೂತುಬಿಟ್ಟ ಅನ್ನುವುದು ಮಾತ್ರ ಎಲ್ಲರೂ ಒಪ್ಪುವ ಮಾತು. ಎಷ್ಟು ಜನರನ್ನು ದಾಟಿಸಿದ್ದ, ಒಬ್ಬರ ಮುಖವನ್ನೂ ಹೀಗೆ ನೋಡಿರಲಿಲ್ಲ. ಕೈ ತಾನಾಗಿ ಹುಟ್ಟು ಹಾಕುತ್ತಿತ್ತು, ಕಣ್ಣು ಕೂಸಿನ ಮೇಲಿತ್ತು.

ಹರಿಗೋಲು ದಡ ಮುಟ್ಟಿತು. ಸುಂಕಮ್ಮ ಇಳಿದು ನೋಡುತ್ತಾಳೆ, ಎದುರಿಗೆ ಅವಳ ಅತ್ತೆ! ಹೊರಟ ದಡಕ್ಕೇ ಬಂದಿದ್ದರು. ಅವಳಿಗೆ ಮೊದಲು ಏನೂ ಅರ್ಥವಾಗಲಿಲ್ಲವಂತೆ. ಹಕೀಮರ ಊರಿಗೆ ಅತ್ತೆ ಹೇಗೆ ಬಂದಳು ಅಂತ ಬೆಪ್ಪಾಗಿ ನಿಂತಳಂತೆ. ತಿಳಿದ ಮೇಲೆ ಗಾದಿಲಿಂಗನಿಗೆ ಬಾಯಿಗೆ ಬಂದಂತೆ ಬೈದಳು. ಕೂಸು ಮಲಗಿದ್ದರೂ ಅದರ ಮೈ ಇನ್ನೂ ಬಿಸಿಯಿತ್ತು, ಅದಕ್ಕೆ ಮದ್ದು ಬೇಕಿತ್ತು.

ಗಾದಿಲಿಂಗ ಆಚೆ ದಡ ನೋಡಿದ, ಈಚೆ ದಡ ನೋಡಿದ. ಹುಟ್ಟಿದಾಗಿನಿಂದ ತಿಳಿದ ಹೊಳೆ ಅವನಿಗೇ ಗುರುತು ಸಿಗದ ಹಾಗಾಗಿತ್ತಂತೆ. ನಾಚಿಕೆಯಿಂದ ಮುಖ ಕೆಳಗೆ ಹಾಕಿ, "ಕೂಸನ್ನ ಹಿಂಗ ಎದಿಗೆ ಹಚ್ಕೊಂಡಿರವ್ವ. ಹಕೀಮರನ್ನ ನಾ ಕರಕೊಂಡು ಬರ್ತೀನಿ," ಅಂದವನೇ ಒಬ್ಬನೇ ಹೊರಟ. ದೀಪ ಹಚ್ಚುವ ಹೊತ್ತಿಗೆ ಹಕೀಮ್ ಸಾಬರು ತೊಯ್ದು ತೊಪ್ಪೆಯಾಗಿ, ಮದ್ದಿನ ಗಂಟನ್ನು ಮಾತ್ರ ತೊಯ್ಯದ ಹಾಗೆ ತಲೆಯ ಮೇಲೆ ಇಟ್ಟುಕೊಂಡು ಬಂದಿಳಿದರಂತೆ. ಕೂಸಿನ ನಾಲಗೆಗೆ ಮದ್ದು ಸವರಿದರು. ಕಂಬಳಿ ಬೇಡ, ಹಾಲು ಬಿಡಿಸಬೇಡಿ, ತಾಯಿ ಹೀಗೇ ಹಿಡಿದುಕೊಂಡಿರಲಿ ಅಂದರು.

ಕೂಸು ಉಳಿಯಿತು.

ಮದ್ದಿನಿಂದ ಉಳಿಯಿತೋ, ತಾಯಿಯ ಎದೆಯಿಂದಲೋ, ಹೊಳೆಯಿಂದಲೋ? ಅತ್ತೆ ಸಾಯುವವರೆಗೂ ತನ್ನ ಕಂಬಳಿಯಿಂದಲೇ ಅಂದಳಂತೆ. ಸುಂಕಮ್ಮ ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ಗಾದಿಲಿಂಗ ಮಾತ್ರ ಮುದುಕನಾದ ಮೇಲೂ ದಂಡೆಯಲ್ಲಿ ಕೂತು, ನಾನು ದಡ ಹೇಗೆ ಮರೆತೆ ಅಂತ ಹೋದವರನ್ನು ಬಂದವರನ್ನು ಕೇಳುತ್ತಿದ್ದನಂತೆ. ನನಗೆ ಅವನನ್ನು ನೆನೆದರೆ ಸಂಕಟವಾಗುತ್ತದೆ. ಪ್ರೀತಿಯೂ ಆಗುತ್ತದೆ.

ಈಗ ಆ ಹೊಳೆಗೆ ಸೇತುವೆ ಇದೆ, ಆಚೆ ದಡದಲ್ಲಿ ಆಸ್ಪತ್ರೆ ಇದೆ. ಕೂಸಿಗೆ ಜ್ವರ ಬಂದರೆ ಕಾಯುವುದಿಲ್ಲ, ಆಟೋ ಹತ್ತಿ ಹೊರಟುಬಿಡುತ್ತಾರೆ. ಆದರೆ ಆ ಊರಿನ ಆಟೋದವರು ಅಂಥ ತಾಯಿ ಹತ್ತಿದಳೆಂದರೆ ಮೊದಲು ಮುಂದಿನ ಕನ್ನಡಿಯನ್ನು ಆಚೆ ತಿರುವಿಬಿಡುತ್ತಾರೆ. ಆಸ್ಪತ್ರೆ ಮುಟ್ಟುವವರೆಗೆ ಹಿಂದೆ ತಿರುಗಿ ನೋಡುವುದಿಲ್ಲ. ಸೇತುವೆಯ ನಡುವೆ ಬಂದಾಗ ಮಾತ್ರ ಜೀವ ತಡೆಯದೆ, ರಸ್ತೆ ನೋಡುತ್ತಲೇ ಕೇಳುತ್ತಾರೆ, "ಹೆಂಗೈತವ್ವ?"

ಹೇಗಿದೆ ಅಂತ ಅವಳಿಗೂ ತಿಳಿದಿರುವುದಿಲ್ಲ. ಕೂಸನ್ನು ಇನ್ನಷ್ಟು ಅವಚಿಕೊಂಡು ಅನ್ನುತ್ತಾಳೆ, "ನನ್ನ ಹತ್ರ ಐತಪ್ಪ. ನೀ ದಾರಿ ನೋಡು."