ತಿರುಗದ ಮೀನು

ಒಂದು ಅಂಜಲ್ ಮೀನಿಗೆ ಎರಡು ದಿನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬೂತಾಯಿ ಎಂಬ ಪುಟ್ಟ ಮೀನುಗಳನ್ನು ಅಟ್ಟಿಸಿಕೊಂಡು ಹೋದರೆ, ಅವು ಇನ್ನೇನು ಬಾಯಿಗೆ ಬಂದವು ಎನ್ನುವಾಗ ಸರಕ್ಕನೆ ತಿರುಗಿ ತಪ್ಪಿಸಿಕೊಳ್ಳುತ್ತಿದ್ದವು. ಆದರೂ ಅಂಜಲ್ ಹಠ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಬೆಳ್ಳಿಯಂತೆ ಹೊಳೆಯುವ ಮೀನೊಂದು ಎದುರಿಗೇ ಹಾದುಹೋಯಿತು. ದೋಣಿಯವರು ದಾರ ಕಟ್ಟಿ ಎಳೆಯುತ್ತಿದ್ದ ಮರದ ಮೀನು ಅದೆಂದು ಅಂಜಲ್ ಮೀನಿಗೆ ಗೊತ್ತಿರಲಿಲ್ಲ.

“ಬಾ, ಹಿಡಿ ನೋಡೋಣ,” ಎಂದಿತು ಮರದ ಮೀನು. “ನಾನು ಆ ಬೂತಾಯಿಗಳಂತೆ ಹೇಡಿಯಲ್ಲ. ಹಿಡಿದ ದಾರಿ ಬಿಡುವವನಲ್ಲ.”

ಮೊದಲು ಬಾಲ ಕತ್ತರಿಸಿ ಆಮೇಲೆ ನುಂಗುವುದು ಅಂಜಲ್ ಕುಲದ ಪದ್ಧತಿ. ಅದು ಬಾಲದ ಹತ್ತಿರ ಬಂದು ಬಾಯಿ ತೆರೆಯಿತು. ಮರದ ಮೀನು ಕೂದಲೆಳೆಯಷ್ಟೂ ಪಕ್ಕಕ್ಕೆ ಸರಿಯಲಿಲ್ಲ. ಅಂಜಲ್ ಬಾಯಿ ಮುಚ್ಚಿಕೊಂಡಿತು.

“ಏನಯ್ಯಾ, ನನ್ನ ಹಲ್ಲು ಕಾಣಲಿಲ್ಲವೇ?”

“ಕಂಡಿತು. ಗುರಿಯುಳ್ಳವನು ಹಲ್ಲಿಗೆ ಹೆದರುವುದಿಲ್ಲ. ನಿನಗೆ ಧೈರ್ಯವಿಲ್ಲದಿದ್ದರೆ ಉಪವಾಸ ಬಿದ್ದಿರು.”

“ಜೀವವಿರುವ ಯಾವ ಮೀನೂ ನನ್ನ ಹಲ್ಲಿಗೆ ಬಾಲ ಕೊಟ್ಟು ಸುಮ್ಮನಿರುವುದಿಲ್ಲ. ಒಂದೇ ಒಂದು ಸಲ ಎಡಕ್ಕೆ ತಿರುಗಿ ತೋರಿಸು. ಆಮೇಲೆ ನಿನ್ನನ್ನು ನುಂಗುತ್ತೇನೆ.”

“ತಿರುಗುವುದು ನನ್ನ ಜಾಯಮಾನದಲ್ಲೇ ಇಲ್ಲ! ನನ್ನಷ್ಟು ಛಲ ಈ ಕಡಲಲ್ಲಿ ಯಾರಿಗೂ...”

ದೋಣಿಯ ಮೋಟಾರು ನಿಂತಿತು. ಮರದ ಮೀನೂ ನಿಂತಿತು. ದಾರ ಸಡಿಲಾಗುತ್ತಲೇ ಅದು ಹೊಟ್ಟೆ ಮೇಲಾಗಿ ತೇಲತೊಡಗಿತು. ಹೊಟ್ಟೆಗೆ ಸಿಕ್ಕಿಸಿದ್ದ ಮೂರು ಕೊಕ್ಕೆಗಳು ಬಿಸಿಲಿಗೆ ಮಿನುಗಿದವು.

“ಯಾರಾದರೂ ಸ್ವಲ್ಪ ಎಳೆಯಿರಪ್ಪಾ,” ಎಂದಿತು ಅದು.

ಅಂಜಲ್ ಹಸಿದ ಹೊಟ್ಟೆಯಲ್ಲೇ ಮತ್ತೆ ಬೂತಾಯಿಗಳ ಬೆನ್ನು ಹತ್ತಿತು. ಅವು ತಿರುಗಿದವು. ಅದೂ ತಿರುಗಿತು.