ಬೋರಲಿಂಗ ಕಿಚ್ಚು ಹಾಯಿಸಿದ್ದು

ಕೇಳಿ, ನಗು ಬಂದರೆ ತಡೆಯಬೇಡಿ. ಚಿಕ್ಕತಾಯವ್ವನ ಮನೆಯಲ್ಲಿ ಇದ್ದದ್ದು ಮಗ ಬೋರಲಿಂಗ, ಹಸು ಕೆಂದಿ. ಇಬ್ಬರಲ್ಲಿ ಬುದ್ಧಿ ಇದ್ದದ್ದು ಹಸುವಿಗೆ. ಮಗನಿಗೆ ಮೀಸೆ ಬಂದಿತ್ತು, ಅಷ್ಟೇ.

ಪಕ್ಕದ ಮನೆ ಕೆಂಪಾಜಮ್ಮನ ಹಸು ಹೊತ್ತಿಗೆ ಆರು ಸೇರು ಹಾಲು ಕೊಡುತ್ತಿತ್ತು. ಕೆಂದಿ ಕೊಡುತ್ತಿದ್ದದ್ದು ಎರಡೇ. ಗೋಡೆಯಾಚೆ ಚೊಂಬಿಗೆ ಹಾಲು ಬೀಳುವ ಸೊರ್ ಸೊರ್ ಸದ್ದು ಕೇಳಿದರೆ ಸಾಕು, ಚಿಕ್ಕತಾಯವ್ವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಲೋ ಬೋರ, ಆ ಹಸೀಗೆ ಅವಳು ಏನು ತಿನ್ನುಸ್ತಾಳೋ ಕಾಣೆ. ಹೋಗಿ ಒಂಚೂರು ಕಣ್ಣಿಡ್ಲಾ!"

ಹೋದ. ಹಸುವಿನ ಹಿಂದೆ ಕುಕ್ಕರಿಸಿದ. ಅದರ ತೊಡೆಗೆ ಒತ್ತಿ ಕಣ್ಣಿಟ್ಟ. ಹಸು ಝಾಡಿಸಿತು ನೋಡಿ! ಕಣ್ಣು ಬದನೆಕಾಯಿಯಾಯಿತು.

"ಅಯ್ಯೋ ಮಂಕೇ! ದೂರ ನಿಂತ್ಕಂಡು ಮಾಡದಲ್ವೇನ್ಲಾ!"

"ಆಗ್ಲಿ ಕಣವ್ವ, ಇನ್ಮೇಲೆ ದೂರ್‍ದಿಂದ್ಲೇ ಮಾಡ್ತೀನಿ."

ಮಾರನೆಯ ದಿನ ಅವ್ವ ಕಳೆ ಕೀಳಲು ಹೊರಟಳು. "ಹೊತ್ತಿಗೆ ಸರಿಯಾಗಿ ಹಾಲು ಕರಿಲಾ!"

ಬೋರಲಿಂಗ ದೂರ, ಬೇಲಿ ಪಕ್ಕ, ಚೊಂಬು ಹಿಡಿದು ನಿಂತ. "ಹಾಲೇ, ಬಾ! ಬಾರವ್ವ ಹಾಲೇ!" ಕರೆದ, ಕರೆದ, ಗಂಟಲು ಕಟ್ಟುವವರೆಗೂ ಕರೆದ. ಅವ್ವ ಬರುವ ಹೊತ್ತಿಗೆ ಕರು ಎಲ್ಲ ಕುಡಿದು ಮುಗಿಸಿತ್ತು. ಗೋಡೆಯಾಚೆ ಕೆಂಪಾಜಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಹಾಲು ಹೋದದ್ದಕ್ಕಿಂತ ಆ ನಗು ಕೇಳಿಯೇ ಚಿಕ್ಕತಾಯವ್ವನಿಗೆ ಮೈಯೆಲ್ಲ ಉರಿಯಿತು.

"ನಿನ್ನ ಯಾಕಾದ್ರೂ ಹೆತ್ನೋ! ತಿಳೀದಿದ್ರೆ ಯಾರನ್ನಾರ ಕೇಳಿ ಮಾಡ್ಲಾ!"

"ಆಗ್ಲಿ ಕಣವ್ವ, ಇನ್ಮೇಲೆ ಕೇಳೇ ಮಾಡ್ತೀನಿ."

ಸಂಕ್ರಾಂತಿ ಬಂತು. ಅವತ್ತು ಸಂಜೆ ಊರ ಮುಂದೆ ಹುಲ್ಲಿಗೆ ಬೆಂಕಿ ಹಾಕಿ ದನ ಹಾರಿಸುತ್ತಾರೆ. ಅದೇ ಕಿಚ್ಚು ಹಾಯಿಸುವುದು. ಹಾಯ್ದ ದನಕ್ಕೆ ಕೆಟ್ಟ ಕಣ್ಣು ತಾಕುವುದಿಲ್ಲ ಅಂತ ನಂಬಿಕೆ. ಚಿಕ್ಕತಾಯವ್ವ ಕೆಂದಿಯ ಮೈ ತೊಳೆದಳು, ಅರಿಸಿನ ಬಳಿದಳು, ಕೊಂಬಿಗೆ ಬಣ್ಣ ಹಚ್ಚಿದಳು. ಹಚ್ಚುವಾಗಲೂ ನೋಟವೆಲ್ಲ ಪಕ್ಕದ ಮನೆಯ ಹಸುವಿನ ಕೊಂಬಿನ ಮೇಲೇ. ಅದಕ್ಕೆ ಹೊಸ ಗೆಜ್ಜೆ ಬೇರೆ!

"ಲೋ, ಈ ಸಲ ಅವಳ ಹಸ ನಮ್ಮ ಕೆಂದಿ ಮುಂದೆ ಸಪ್ಪಗಾಗ್ಬೇಕು. ಊರ್ಗೇ ದೊಡ್ಡ ಕಿಚ್ಚು ಯಾವ್ದೋ ಅದನ್ನೇ ಹಾಯ್ಸು! ನಾನು ಸೀರೆ ಉಟ್ಕಂಡು ಬತ್ತೀನಿ."

ಊರ ಮುಂದೆ ಸಾಲಾಗಿ ಮೂರು ಕಿಚ್ಚು ಉರಿಯುತ್ತಿದ್ದವು. ಯಾವುದು ದೊಡ್ಡದು? ಬೋರಲಿಂಗ ಎದುರಿಗೆ ಸಿಕ್ಕ ಕೆಂಪಾಜಮ್ಮನನ್ನೇ ಕೇಳಿದ.

"ದೊಡ್ಡವ್ವ, ನಮ್ಮೂರಲ್ಲಿ ಎಲ್ಲಾಕಿಂತ ದೊಡ್ಡ ಕಿಚ್ಚು ಯಾವ್ದು?"

"ಅದಾ ಮಗ? ನಿಮ್ಮವ್ವನ ಹೊಟ್ಟೇಲಿ ಐತಲ್ಲ, ಅದು ಕಣಪ್ಪ!"

ಬೋರಲಿಂಗ ಹಸು ತಿರುಗಿಸಿದ. ಕೆಂದಿ ಮುಂದೆ, ಅವನು ಹಿಂದೆ, ಅವನ ಹಿಂದೆ ಅರ್ಧ ಊರು. ಚಿಕ್ಕತಾಯವ್ವ ಹೊಸ ಸೀರೆ ಉಟ್ಟು ಜಗಲಿಯಲ್ಲಿ ಕೂತು ಹೂ ಮುಡಿಯುತ್ತಿದ್ದಳು.

"ಯಾಕ್ಲಾ, ಕಿಚ್ಚು ಹಾಯಿಸ್ನಿಲ್ವಾ?"

"ಅದಕ್ಕೇ ಬಂದೆ ಕಣವ್ವ! ಬಿರ್‍ರನೆ ಅಂಗಾತ ಮಲಿಕ್ಕೊ. ಕೆಂದಿ ನಿನ್ನ ಹೊಟ್ಟೆ ಹಾಯ್ಬೇಕಂತೆ!"