ಬೆಲ್ಲದ ನೀರು ಕುಡಿದ ರೇಡಿಯೇಟರು

ಹೂಂ ಅನ್ನೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ನಡುವೆ ಎದ್ದು ಹೋದರೆ ನಾನು ಮೊದಲಿಂದ ಹೇಳೋನಲ್ಲ.

ಒಂದೂರಲ್ಲಿ ಬೋರಮ್ಮ ಅಂತ ಒಬ್ಬಾಕೆ. ಅವಳಿಗೆ ಒಬ್ಬ ಮಗ, ಒಂದು ಕಾರು. ಮಗ ತಿಪ್ಪೇಶ. ಕಾರು ತಿಪ್ಪೇಶನಿಗಿಂತ ಹತ್ತು ವರ್ಷ ದೊಡ್ಡದು. ತೀರಿಹೋದ ಗಂಡನ ಆಸ್ತಿ ಅಂದರೆ ಇವೆರಡೇ. ಕಾರಿಗೆ ಬುದ್ಧಿ ಇತ್ತು, ಬೇಡ ಅಂದರೆ ನಿಲ್ತಿತ್ತು. ಮಗನಿಗೆ ಮೀಸೆ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಅವನು. ಅದು ತಪ್ಪಾ ಅಂತೀರಾ? ಪೂರಾ ಕೇಳಿ, ಆಮೇಲೆ ಹೇಳಿ.

ಆ ಊರಿನ ಮದುಮಗಳು ಯಾರೇ ಇರಲಿ, ಕರೇಗುಡ್ಡದ ಮೇಲಿನ ರಂಗಪ್ಪನ ಗುಡಿಗೆ ಧಾರೆಗೆ ಹೋಗೋದು ಬೋರಮ್ಮನ ಕಾರಲ್ಲೇ. ಓಡಿಸೋದು ಬೋರಮ್ಮ, ಪಕ್ಕದಲ್ಲಿ ಕೂರೋದು ತಿಪ್ಪೇಶ. ಗುಡ್ಡಕ್ಕೆ ಏಳು ತಿರುವು. ಈಚೆಗೆ ಕಾರು ನಾಲ್ಕನೇ ತಿರುವಿಗೇ ಬುಸ್ ಅಂತ ಹಬೆ ಬಿಡೋದಕ್ಕೆ ಶುರುಮಾಡಿತ್ತು. ಶುಕ್ರವಾರ ಈರಣ್ಣನ ಮಗಳು ನಾಗವೇಣಿಯ ಮದುವೆ. ಮುಹೂರ್ತದ ಹೊತ್ತಿಗೆ ಕಾರು ನಡುದಾರಿಯಲ್ಲಿ ನಿಂತರೆ ಮುಗೀತು. ಮುಂದೆ ಒಬ್ಬ ಮದುಮಗಳೂ ಅದನ್ನು ಹತ್ತೋದಿಲ್ಲ, ಅದು ಗುಜರಿಗೆ ಹೋಗುತ್ತೆ.

ಮೆಕ್ಯಾನಿಕ್ ದಾದಾಪೀರ ಬಾನೆಟ್ ಎತ್ತಿ ನೋಡಿದ. "ರೇಡಿಯೇಟರು ಮುದಿಯಾಗೈತೆ ಬೋರಕ್ಕ. ಬಯಲಲ್ಲಿ ಓಡಾಡೋಕೆ ಸಾಕು. ಗುಡ್ಡಕ್ಕೆ ಸಾಕೋ ಸಾಲದೋ ಹತ್ತಿಸಿ ನೋಡಬೇಕು. ಸಾಲದಿದ್ರೆ ಹೊಸಾದು, ದೊಡ್ಡದು ಹಾಕಿಬಿಡಾನ."

ಬೋರಮ್ಮನ ಮುಖ ಸಣ್ಣದಾಯಿತು. ಆ ಹಿತ್ತಾಳೆ ರೇಡಿಯೇಟರನ್ನು ಗಂಡ ಕೈಯಾರೆ ಕೂರಿಸಿದ್ದ. "ಅವರು ಹಾಕಿದ್ದನ್ನ ಹೆಂಗೆ ಕಿತ್ತು ಬಿಸಾಕ್ಲಿ ಪೀರಣ್ಣ?"

"ಈಗಲೇ ಬ್ಯಾಡ. ಬುಧವಾರ ಹತ್ತಿಸಿ ನೋಡಾನ," ಅಂದ ದಾದಾಪೀರ.

ಸೋಮವಾರ ಬೋರಮ್ಮ ಸಂತೆಗೆ ಹೊರಟಳು. "ತಿಪ್ಪೇಶಾ, ರೇಡಿಯೇಟರಲ್ಲಿ ನೀರು ಕಮ್ಮಿಯಾದಂಗೆಲ್ಲ ಹಾಕ್ತಾ ಇರು!" ತಿಪ್ಪೇಶ ಹಾಕಿದ. ಅದು ಕೆಳಗೆ ಸೋರಿತು. ಮತ್ತೆ ಹಾಕಿದ. ಮತ್ತೆ ಸೋರಿತು. ಹಾಕಿದ, ಸೋರಿತು, ಹಾಕಿದ, ಸೋರಿತು. ಸಂಜೆ ಬೋರಮ್ಮ ಬಂದರೆ ಅಂಗಳವೆಲ್ಲ ಕೆಸರು, ಪಕ್ಕದ ಮನೆ ಕೋಳಿಗಳು ಕಾಂಪೌಂಡಿನ ಮೇಲೆ!

"ಅರವತ್ತೆರಡು ಕೊಡ ಆಯ್ತವ್ವಾ! ಇನ್ನೂ ಕಮ್ಮಿ ಆಗ್ತಾನೇ ಐತೆ!"

"ಅಯ್ಯೋ ನನ್ನ ಕರ್ಮವೇ! ಸೋರಾದು ಕಂಡ್ರೆ ನೀರು ಹಾಕೋದಲ್ಲ ಕಣೋ, ಒಂದು ಚಮಚ ಅರಿಶಿನ ಹಾಕಬೇಕು! ಲಾರಿಯೋರೆಲ್ಲ ಹಂಗೇ ಮಾಡ್ತಾರೆ, ತೂತು ಮುಚ್ಕೊಳ್ತೈತೆ!" ಅಂತ ತಾನೇ ಅರಿಶಿನ ಹಾಕಿ ಸೋರೋದು ನಿಲ್ಲಿಸಿದಳು.

"ಆಗ್ಲವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಂಗಳವಾರ ಉರಿ ಬಿಸಿಲಲ್ಲಿ ಬಂದ ಮದುಮಗಳ ಅಪ್ಪ ಈರಣ್ಣ. ಕಂಕುಳಲ್ಲಿ ಲಗ್ನಪತ್ರಿಕೆಯ ಕಟ್ಟು, ಮುಖದಲ್ಲಿ ನೆಗಡಿ. ಮೂಗು ತೊಟತೊಟ ಸೋರ್ತಾ ಇತ್ತು. ತಿಪ್ಪೇಶ ಕಂಡ. ಒಳಗೆ ಓಡಿದ. ಒಂದು ಚಮಚ ಅರಿಶಿನ ತಂದ. ಈರಣ್ಣ ಬಾಯಿ ತೆರೆಯೋದರೊಳಗೆ ಮೂಗಿಗೆ ಮೆತ್ತಿಬಿಟ್ಟ! ಆಕ್ಷೀ! ಆಕ್ಷೀ! ಆಕ್ಷೀ! ಲಗ್ನಪತ್ರಿಕೆಗಳೆಲ್ಲ ಹಳದಿ!

"ಹೋಗ್ಲಿ ಬಿಡಮ್ಮ," ಅಂದ ಈರಣ್ಣ ಕಣ್ಣೊರೆಸಿಕೊಂಡು. "ಹೆಂಗೂ ನಾನೇ ಅರಿಶಿನ ಹಚ್ಚಬೇಕಿತ್ತು."

ಬೋರಮ್ಮ ಮಗನ ಕಿವಿ ಹಿಂಡಿದಳು. "ಬಿಸಿಲಲ್ಲಿ ದಣಿದು ಬಂದೋರಿಗೆ ಹಿಂಗಾ ಮಾಡೋದು? ನೆರಳಲ್ಲಿ ಕೂರಿಸಬೇಕು, ಬೀಸಣಿಗೆ ಬೀಸಬೇಕು, ಬೆಲ್ಲ ನೀರು ಕೊಡಬೇಕು! ತಿಳೀತಾ?"

"ಆಗ್ಲವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಬುಧವಾರ ಗುಡ್ಡ ಹತ್ತಿಸೋ ದಿನ. ಗುಡ್ಡದ ಬುಡದಲ್ಲಿ ಮಾರಮ್ಮನ ಕಟ್ಟೆ ಇದೆ. ಯಾವ ಗಾಡಿಯಾಗಲಿ ಅಲ್ಲಿ ನಿಲ್ಲದೆ ಮೇಲೆ ಹೋಗೋ ಹಾಗಿಲ್ಲ. ಮರದ ಕೆಳಗೆ ಕಾರು ನಿಲ್ಲಿಸಿ ಬೋರಮ್ಮ ಕಾಯಿ ಒಡೆಸೋದಕ್ಕೆ ಹೋದಳು. ತಿಪ್ಪೇಶ ಕಾರಿನ ಮೂತಿ ಮುಟ್ಟಿ ನೋಡಿದ. ಅಯ್ಯೋ ಪಾಪ, ಬಿಸಿಲಲ್ಲಿ ದಣಿದು ಬಂದೈತೆ! ಹೇಗೂ ನೆರಳಲ್ಲಿತ್ತು. ಅದು ತಣ್ಣಗಾಗೋವರೆಗೆ ಬೀಸಣಿಗೆ ಬೀಸಿದ. ಆಮೇಲೆ ಮುಚ್ಚಳ ತೆಗೆದು ಒಂದು ತಂಬಿಗೆ ಬೆಲ್ಲದ ನೀರು ಕುಡಿಸಿದ. ಎರಡು ಅಚ್ಚು ಬೆಲ್ಲ, ಏಲಕ್ಕಿ ಬೇರೆ!

ಮೂರನೇ ತಿರುವಿಗೆ ಕಾರು ಬುಸ್ ಅಂತು. ಗುಡ್ಡಕ್ಕೆಲ್ಲ ಪಾಯಸದ ವಾಸನೆ.

ದಾದಾಪೀರ ರೇಡಿಯೇಟರು ಬಿಚ್ಚಿ ಮೂರು ಗಂಟೆ ಬಿಸಿನೀರಲ್ಲಿ ತೊಳೆದ. ತೊಳೀತಾ ತೊಳೀತಾ ಬೈದ. "ಏನು ತೀರ್ಮಾನ ಮಾಡ್ಲಿ ನಾನು? ತಪ್ಪು ರೇಡಿಯೇಟರಿಂದೋ ಬೆಲ್ಲದ್ದೋ? ನಾಳೆ ಮತ್ತೆ ಹತ್ತಬೇಕು! ಲೋ ತಿಪ್ಪೇಶಿ, ಬಿಸಿ ತೋರಿಸೋ ಸೂಜಿ ಐತಲ್ಲ, ಅದು ನಡುವೆ ಇದ್ರೆ ನಿಮ್ಮಪ್ಪನ ರೇಡಿಯೇಟರೇ ಸಾಕು. ನಡು ದಾಟಿದ್ರೆ ಹೊಸಾದು. ಸೂಜಿ ನಡು ದಾಟದಂಗೆ ನೋಡ್ಕೋ, ಬೇರೆ ಏನೂ ಮಾಡಬ್ಯಾಡ!"

"ಆಗ್ಲಣ್ಣಾ, ಹಂಗೇ ಮಾಡ್ತೀನಿ!"

ಸಂಜೆ ಬೋರಮ್ಮ ಹಿತ್ತಾಳೆಯನ್ನು ಸೆರಗಿನಿಂದ ಒರೆಸಿ ಒರೆಸಿ ಇಟ್ಟಳು. ತಿಪ್ಪೇಶ ನೋಡಿದ. ಅವ್ವನ ಕಣ್ಣಲ್ಲಿ ನೀರು ಕಂಡರೆ ಅವನಿಗೆ ಅನ್ನ ಸೇರ್ತಿರಲಿಲ್ಲ.

ಗುರುವಾರ ಕಾರು ಗುಡ್ಡ ಹತ್ತಿತು. ಹಿಂದೆ ದಾದಾಪೀರ, ಅವನ ಪಕ್ಕ ನಾಳೆ ಕೂರೋರ ಭಾರಕ್ಕೆ ಬದಲಾಗಿ ನಾಲ್ಕು ಅಕ್ಕಿ ಮೂಟೆ. ಎರಡನೇ ತಿರುವು. "ಸೂಜಿ ಎಲ್ಲೈತೋ?" "ನಡುವೆ ಐತವ್ವಾ!" ನಾಲ್ಕನೇ ತಿರುವು. "ಸೂಜಿ?" "ನಡುವೆ!" ಬೋರಮ್ಮನಿಗೆ ಹಾಡು ಬಂತು. ಐದನೇ ತಿರುವಿಗೆ ಬಾನೆಟ್ಟಿನಿಂದ ಹಬೆ ಬಂತು. "ಸೂಜಿ ಎಲ್ಲೋ?" "ನಡುವೇನೇ!" "ಹಬೆ ಬರ್ತೈತಲ್ಲೋ!" "ಬರ್ಲವ್ವಾ, ಸೂಜಿ ನಡುವೆ ಐತೆ!" ಆರನೇ ತಿರುವಿಗೆ ರಸ್ತೆಯೇ ಕಾಣಲಿಲ್ಲ.

ಕಾರು ನಿಂತಿತು. ದಾದಾಪೀರ ಬಗ್ಗಿ ನೋಡಿದ. ಆ ಮೀಟರಿನ ಗಾಜು ಯಾವ ಕಾಲದಲ್ಲೋ ಒಡೆದು ಹೋಗಿತ್ತು. ಸೂಜಿ ನಡುವೆಯೇ ಇತ್ತು, ಜಾಲಿ ಮರದ ಅಂಟಿನಲ್ಲಿ ಭದ್ರವಾಗಿ!

"ಲೋ ಕೋಣಾ! ಏರಿನಲ್ಲಿ ಬಿಸಿಯಾಗಬಾರದು ಅಂದ್ರೆ ಸೂಜಿ ಅಂಟಿಸೋದಲ್ಲ! ಭಾರ ಇಳಿಸಬೇಕು, ಭಾರ!"

"ಅವ್ವ ಅಳಬಾರದು ಅಂತ ಅಂಟಿಸ್ದೆ," ಅಂದ ತಿಪ್ಪೇಶ.

ಬೋರಮ್ಮ ಬೈಯೋದು ಬಿಟ್ಟು ಮಗನ ತಲೆ ಸವರಿದಳು. "ಹೊಸಾದು ಹಾಕಿಬಿಡು ಪೀರಣ್ಣ. ಹುಡುಗಿ ಮುಹೂರ್ತಕ್ಕೆ ಸರಿಯಾಗಿ ಹೋಗ್ಲಿ. ಇದನ್ನ ಬಿಸಾಕೋದಿಲ್ಲ. ತಿಪ್ಪೇಶಾ, ಇದು ನಮ್ಮನೆ ಹಿರಿಯ ಇದ್ದಂಗೆ. ಮರ್ಯಾದೆಯಾಗಿ ನೋಡ್ಕೋ."

"ಆಗ್ಲವ್ವಾ, ಹಂಗೇ ಮಾಡ್ತೀನಿ!"

ಶುಕ್ರವಾರ ಬೆಳಗ್ಗೆ ಹೊಸ ರೇಡಿಯೇಟರು, ಅಂಟು ಬಿಡಿಸಿದ ಸೂಜಿ. ಹಿಂದಿನ ಸೀಟಲ್ಲಿ ನಾಗವೇಣಿ, ಅವಳ ಅಜ್ಜಿ, ಇಬ್ಬರು ಅತ್ತೆಯರು. ಮಾರಮ್ಮನ ಕಟ್ಟೆ ಬಂತು. ಬೋರಮ್ಮ ಕಾಯಿ ಒಡೆಸೋದಕ್ಕೆ ಇಳಿದಳು. ಬಂದವಳೇ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಸೂಜಿಯ ಮೇಲೆ ಕಣ್ಣು ನೆಟ್ಟು ಹೊರಟಳು. ಒಂದು, ಎರಡು, ನಾಲ್ಕು, ಆರು. ಸೂಜಿ ಅಲ್ಲಾಡಲಿಲ್ಲ! ಏಳು! ಕನ್ನಡಿಯಲ್ಲಿ ಕೆಂಪು ಶಾಲು ಕಾಣ್ತಿತ್ತು. "ನೋಡಿದ್ಯಾ ನಾಗವೇಣಿ, ಹೆಂಗೆ ಹತ್ತಿದ್ವಿ!" ಅಂದಳು. ನಾಚಿಕೆಯೇನೋ, ಹುಡುಗಿ ಮಾತಾಡಲಿಲ್ಲ.

ಮೇಲೆ ಓಲಗ ಶುರುವಾಯಿತು. ಈರಣ್ಣ ಆರತಿ ತಟ್ಟೆಯವರನ್ನು ಕರೆದುಕೊಂಡು ಬಂದು ಬಾಗಿಲು ತೆಗೆದ. ಹಿಂದಿನ ಸೀಟಲ್ಲಿ ಕೆಂಪು ಶಾಲು ಹೊದ್ದು, ಸೇವಂತಿಗೆ ಹಾರ ಹಾಕಿಕೊಂಡು ಕೂತಿತ್ತು ಹಳೇ ರೇಡಿಯೇಟರು!

"ನನ್ನ ಮಗಳೆಲ್ಲಿ?"

"ಕಟ್ಟೆ ಹತ್ರ ಇಳಿಸಿದ್ದೀನಿ ಈರಣ್ಣ! ಏರಿನಲ್ಲಿ ಭಾರ ಇಳಿಸಬೇಕಂತೆ! ಡಿಕ್ಕಿಯಲ್ಲಿದ್ದ ಹಿರಿಯರನ್ನ ಸೀಟಲ್ಲಿ ಕೂರಿಸಿದ್ದೀನಿ, ಹಿರಿಯರಲ್ವಾ!"

ಮುಹೂರ್ತಕ್ಕೆ ಅರ್ಧ ಗಂಟೆ. ಬೋರಮ್ಮ ಹಿರಿಯರನ್ನೂ ಮಗನನ್ನೂ ಕೆಳಗಿಳಿಸಿ, ಕಾರು ತಿರುಗಿಸಿ, ಏಳು ತಿರುವು ಇಳಿದು, ನಾಲ್ವರನ್ನೂ ತುಂಬಿಕೊಂಡು, ಉಸಿರು ಬಿಗಿಹಿಡಿದು ಮತ್ತೆ ಏಳು ತಿರುವು ಹತ್ತಿದಳು. ಸೂಜಿ ನಡುವೆಯೇ, ಅಂಟಿಲ್ಲದೆ! ಸರಿಯಾದ ಹೊತ್ತಿಗೆ ಧಾರೆಯಾಯಿತು. ಅಲ್ಲೇ ಇಬ್ಬರು ಹೆಣ್ಣಿನ ಅಪ್ಪಂದಿರು ಬಂದು ಮುಂದಿನ ತಿಂಗಳ ಮದುವೆಗೆ ಕಾರು ಕೇಳಿದರು. ಬೋರಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೂ ಮಗನಿಗೆ ಎರಡು ಬೈಗುಳ ಬಾಕಿ ಇತ್ತಲ್ಲ, ಹುಡುಕಿಕೊಂಡು ಹೋದಳು. ಊಟದ ಪಂಕ್ತಿಯಲ್ಲಿ ಅಜ್ಜಂದಿರ ನಡುವೆ ಒಂದು ಎಲೆ. ಎಲೆ ಮುಂದೆ ಹಾರ ಹಾಕಿಕೊಂಡ ರೇಡಿಯೇಟರು. ಪಕ್ಕದಲ್ಲಿ ತಿಪ್ಪೇಶ, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಬೆಲ್ಲದ ನೀರಿನ ತಂಬಿಗೆ. ಮೇಲಿಂದ ಹುಯ್ದದ್ದು ಕೆಳಗಿಂದ ಸೋರಿ ಅಜ್ಜಂದಿರ ಪಂಚೆಯೆಲ್ಲ ಅಂಟು!

"ಲೋ ತಿಪ್ಪೇಶಾ!"

"ಬೈಬ್ಯಾಡವ್ವಾ! ಸೋರ್ತಿತ್ತು, ಆದ್ರೆ ಈ ಸಲ ನೀನು ಹೇಳ್ದಂಗೇ ಮಾಡಿದ್ದೀನಿ. ಮದುವೆಮನೆ ಅರಿಶಿನವೆಲ್ಲ ತಂದು ಹಾಕ್ದೆ, ನಿಂತೇಹೋಯ್ತು ನೋಡು!"